ಅಮಲ್ದಾರರ ಬಂಗಲೆಯ ಅಡುಗೆಮನೆ

ಜನವರಿ ೬, ಸೋಮವಾರ

ಈ ಡೈರಿ ಬೀಜ-ಗೊಬ್ಬರದ ಅಂಗಡಿಯವರು ಕೊಟ್ಟಿದ್ದು. ಪ್ರತಿ ಪುಟದ ಕೆಳಗೂ ರೈತರಿಗೆ ಒಂದು ಕಿವಿಮಾತು. ಇವತ್ತಿನದು: ‘ತೇವ ನೋಡಿ ನೀರು ಹಾಯಿಸಿ.’ ನನ್ನ ಹೆಸರಿನಲ್ಲಿ ಒಂದು ಹೂವಿನ ಕುಂಡವೂ ಇಲ್ಲ. ಆದರೂ ಜಗಳೂರಿನ ಅಕ್ಕ ಬಿಡಲಿಲ್ಲ. “ದಿನಾ ಏನಾರ ಬರಿ ತಮ್ಮಾ, ಎದೆ ಹಗುರಾಗ್ತೈತೆ” ಅಂದಳು. ಎದೆ ಹಗುರಾಗುತ್ತದೋ ಇಲ್ಲವೋ, ಸೊಂಟವಂತೂ ಆಗಿದೆ. ನಿನ್ನೆ ಮೊಳೆ ಕಾಯಿಸಿ ಬೆಲ್ಟಿಗೆ ಇನ್ನೊಂದು ತೂತು ಹಾಕಿಕೊಂಡೆ.

ಇವತ್ತು ಬರೆಯುವಂಥದ್ದು ಒಂದಿದೆ. ಮೈಸೂರಿನಿಂದ ರಕ್ಷಾ ಮೇಡಂ ಅನ್ನುವವರು ಫೋನ್ ಮಾಡಿದ್ದರು. ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿಸುವ ಆರ್ಕಿಟೆಕ್ಟ್. ಹೊನ್ನಾಳಿಯ ಹಳೇ ಅಮಲ್ದಾರರ ಬಂಗಲೆಯ ಕೆಲಸ ಅವರ ಪಾಲಿಗೆ ಬಂದಿದೆಯಂತೆ. ಅಮಲ್ದಾರರು ಅಂದರೆ ಈಗಿನ ತಹಸೀಲ್ದಾರರು. ಅವರು ಹೊಸ ಕ್ವಾರ್ಟರ್ಸಿಗೆ ಹೋಗಿ ಎಷ್ಟೋ ಕಾಲವಾಯಿತು, ಈಗ ಬಂಗಲೆಯಲ್ಲಿ ಉಳಿಯುವುದು ಊರಿಗೆ ಬಂದುಹೋಗುವ ಅಧಿಕಾರಿಗಳು. ರಿಪೇರಿಗೆ ಮುಂಚೆ ಅದರ ಗೋಡೆ, ಬಾಗಿಲು, ತೊಲೆ, ಕುರ್ಚಿ, ಮೇಜು ಎಲ್ಲವನ್ನೂ ಅಳೆದು, ಬರೆದು, ಫೋಟೊ ತೆಗೆದು ದಾಖಲೆ ಮಾಡಬೇಕು. ಹತ್ತಿರದಲ್ಲಿ ನಕ್ಷೆ ಬರೆಯುವವರು ಯಾರಿದ್ದಾರೆ ಅಂತ ವಿಚಾರಿಸಿದಾಗ ಯಾರೋ ಪುಣ್ಯಾತ್ಮರು ನ್ಯಾಮತಿಯ ಓಂಕಾರ್ ಅಂದಿದ್ದಾರೆ.

ಆ ಪುಣ್ಯಾತ್ಮರಿಗೆ ನನ್ನ ಕೆಲಸ ಗೊತ್ತಿಲ್ಲ. ನ್ಯಾಮತಿಯ ಬಸ್ ಸ್ಟ್ಯಾಂಡಿನಿಂದ ಸವಳಂಗದ ರಸ್ತೆಯವರೆಗೆ ಹಸಿರು ಗಾಜು, ಸ್ಟೀಲ್ ಕಂಬಿ, ನೆತ್ತಿಯ ಮೇಲೆ ಸಿಮೆಂಟಿನ ಕಮಲ ಇರುವ ಮನೆಗಳನ್ನೆಲ್ಲ ಬರೆದವನು ನಾನೇ. ಹಳೆಯ ಮನೆ ಅಂದರೆ ಕೆಡವಲು ಎಷ್ಟು ದಿನ ಬೇಕು ಅನ್ನುವುದಷ್ಟೇ ಇಲ್ಲಿಯವರೆಗೆ ನನಗಿದ್ದ ಆಸಕ್ತಿ. ಒಪ್ಪಿಕೊಂಡೆ. ಮನೆಯಿಂದ ಹೊರಗಿರಲು ಒಂದು ನೆಪ ಬೇಕಿತ್ತು.

ಸಂಜೆ ಅಕ್ಕನ ಫೋನ್. “ಊಟ ಆತಾ?” ಆಯಿತು ಅಂದೆ. “ಸಾರು ಏನು?” ಬದನೆಕಾಯಿ ಅಂದೆ. ನಿಜವಾಗಿ ಬೇಕರಿಯ ಬನ್ನು. ಅಡುಗೆಮನೆಯ ಬಾಗಿಲು ಹಾಕಿ ಚಿಲಕ ಸಿಕ್ಕಿಸಿ ತಿಂಗಳುಗಳಾದವು. ಇಲಿ ಬರುತ್ತವೆ.

ಜನವರಿ ೯, ಗುರುವಾರ

ಸ್ಕೂಟರಿನಲ್ಲಿ ಹೊನ್ನಾಳಿಗೆ ಹೋದೆ. ಬಂಗಲೆ ದೂರದಿಂದಲೇ ಮಿಂಚುತ್ತಿತ್ತು. ಆಗಲೇ ಅನುಮಾನ ಬರಬೇಕಿತ್ತು.

ಬಂಗಲೆ ನೋಡಿಕೊಳ್ಳುವ ರಂಗಣ್ಣ ಗೇಟಿನಲ್ಲಿ ಹೊಸ ಅಂಗಿ ತೊಟ್ಟು ನಿಂತಿದ್ದ. ನಾನು ಮೊನ್ನೆ ಅವನಿಗೆ ಫೋನ್ ಮಾಡಿ, ಸರ್ಕಾರದ ದಾಖಲೆಗೆ ಫೋಟೊ ತೆಗೆಯಲು ಬರುತ್ತಿದ್ದೇವೆ, ತಯಾರು ಮಾಡಿಡಿ ಅಂದಿದ್ದೆ. ಬೀಗ ತೆಗೆದು ಕಸ ಗುಡಿಸಿರಲಿ ಅಂತ ನನ್ನ ಲೆಕ್ಕ. ಸರ್ಕಾರದ ಕ್ಯಾಮೆರಾ ಬರುವ ಮುಂಚೆ ಸುಣ್ಣ-ಬಣ್ಣ ಆಗಬೇಕು ಅನ್ನುವುದು ಆ ಬಂಗಲೆಯ ಲೆಕ್ಕ. ಮಂತ್ರಿಗಳು ಬಂದಾಗಲೆಲ್ಲ ಹಾಗೇ ನಡೆದುಕೊಂಡು ಬಂದಿದೆ.

ಗೋಡೆಗೆ ಹಳದಿ. ಕಂಬಗಳಿಗೆ ಹಸಿರು. ಕೆತ್ತನೆಯ ಸಾಗುವಾನಿ ಬಾಗಿಲುಗಳಿಗೆ ಚಾಕೊಲೇಟು ಬಣ್ಣದ ಎನಾಮಲ್ ಪೇಂಟು. ಅಮಲ್ದಾರರು ಕಾಲು ಚಾಚಿ ಕೂರುತ್ತಿದ್ದ ಉದ್ದ ಕೈಯ ಆರಾಮ ಕುರ್ಚಿಗೆ ಬೆಳ್ಳಿ ಬಣ್ಣ. ಹಳೆಯ ಮೇಜುಗಳು ಹಾಳು ಹಾಳಾಗಿ ಕಾಣುತ್ತವೆ ಅಂತ ಉಗ್ರಾಣಕ್ಕೆ ಹೋಗಿ, ಶಾಮಿಯಾನದ ಅಂಗಡಿಯಿಂದ ಬಂದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಹಾಲ್‌ನಲ್ಲಿ ಸಾಲಾಗಿ ಕೂತಿದ್ದವು.

“ಹೆಂಗೈತೆ ಸಾರ್? ಎರಡು ದಿನ ಹಗಲೂ ರಾತ್ರಿ ನಿಂತು ಮಾಡ್ಸೀನಿ” ಅಂದ ರಂಗಣ್ಣ. ಬಯ್ಯಲು ಬಾಯಿ ಬರಲಿಲ್ಲ. ನಾನು ಬರೆದ ಮನೆಗಳ ಬಣ್ಣವೂ ಹೆಚ್ಚುಕಡಿಮೆ ಇದೇ. ಒಂದು ಕಂಬಕ್ಕೆ ಒರಗಿ ನಿಂತೆ. ಅದು ಇನ್ನೂ ಒಣಗಿರಲಿಲ್ಲ.

ರಕ್ಷಾ ಮೇಡಂಗೆ ಫೋಟೊ ಕಳಿಸಿದೆ. ಆಮೇಲೆ ಫೋನ್ ಮಾಡಿ, ಸತ್ತವರ ಮನೆಗೆ ಮಾತಾಡಿದಂಥ ದನಿಯಲ್ಲಿ, “ಓಂಕಾರ್ ಸರ್, ಪೇಂಟ್ ಆಗದೇ ಇರೋ ಜಾಗ ಏನಾದ್ರೂ ಉಳಿದಿದ್ಯಾ?” ಅಂದರು. ರಂಗಣ್ಣನನ್ನು ಕೇಳಿದೆ. “ಹಿಂದಿನ ಅಡುಗೆಮನಿ ಒಂದು ಬಿಟ್ಟೀವಿ ಸಾರ್. ಅದನ್ಯಾರು ನೋಡಾಕೆ ಬರ್ತಾರೆ” ಅಂದ. ಅಡುಗೆಮನೆ ಒಂದು ಉಳಿದಿದೆ ಮೇಡಂ, ಅದು ಲೆಕ್ಕಕ್ಕಿಲ್ಲ ಅಂದೆ.

ಹಸಿರು ಅಂಗಿ ಒಗೆಯಲು ಹಾಕಿದೆ. ಅದು ಹಸಿರು ಅಂಗಿಯಾಗಿ ಹುಟ್ಟಿದ್ದಲ್ಲ.

ಜನವರಿ ೧೬, ಗುರುವಾರ

ಅಳತೆಯ ಕೆಲಸ ನಡೆಯುತ್ತಿದೆ. ಮೇಡಂ ಕೊಟ್ಟ ನಿಯಮ ಸರಳ. ಮೊದಲು ಕಟ್ಟಿದ ಭಾಗಕ್ಕೆ ನಕ್ಷೆಯಲ್ಲಿ ಕಪ್ಪು. ಆಮೇಲೆ ಸೇರಿಸಿದ್ದಕ್ಕೆ ಕೆಂಪು. ಕೆಂಪು ಬಂದದ್ದನ್ನು ರಿಪೇರಿ ಸಮಯದಲ್ಲಿ ತೆಗೆಯಬಹುದು ಅನ್ನುವುದು ಬಂಗಲೆಯ ಉಸ್ತುವಾರಿ ಇರುವ ಸರ್ಕಾರಿ ಕಚೇರಿಯವರ ಆಸೆ.

ಮುಂದಿನ ಪೋರ್ಟಿಕೊ ನೋಡಿದ ಕೂಡಲೇ ಕಪ್ಪು ಹಾಕಿದೆ. ಎಂಥ ಕಂಬಗಳು, ಎಂಥ ಗತ್ತು. ಸಾರೋಟು ಬಂದು ನಿಂತು ಅಮಲ್ದಾರರು ಇಳಿಯುವುದು ಕಣ್ಣಿಗೆ ಕಟ್ಟಿತು. ಹಿಂದೆ ಹೋದರೆ ಅಡುಗೆಮನೆ. ಮೇಲೆ ಸಿಮೆಂಟ್ ಶೀಟು, ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಎದುರಿಗೆ ಬಟ್ಟೆ ಒಣಹಾಕಿದ ತಂತಿ. ಕೆಂಪು.

ಅಲ್ಲಿ ಅಡುಗೆ ಮಾಡುವವಳು ಹಜೀರಮ್ಮ. ಅವಳ ಗಂಡ ಸುಬಾನಸಾಬ ಬಂಗಲೆಯ ಖಾನ್ಸಾಮ ಆಗಿದ್ದನಂತೆ, ಬಂದ ಅಧಿಕಾರಿಗಳಿಗೆಲ್ಲ ಅಡುಗೆ ಅವನದೇ. ಅವನು ಹೋದ ಮೇಲೆ ಸೌಟು ಇವಳ ಕೈಗೆ ಬಂದಿದೆ. ಆ ಪಕ್ಕದ ಕೋಣೆಯಲ್ಲೇ ವಾಸ. ಕಿಟಕಿಯಿಂದ ಟೀ ಕೊಟ್ಟು, “ಒಳಗೆ ಬಂದು ಅಳೀರಿ ಸಾರ್, ಯಾರೂ ಇಲ್ಲ” ಅಂದಳು.

ಬೇಡ, ಹೊರಗಿನ ಅಳತೆಯಲ್ಲಿ ಗೋಡೆಯ ದಪ್ಪ ಕಳೆದರೆ ಒಳಗಿನದು ಸಿಗುತ್ತದೆ ಅಂದೆ. ಕೇಳಲು ಬಹಳ ವೈಜ್ಞಾನಿಕವಾಗಿತ್ತು. ಹೊಗೆ ಇತ್ತು, ನನಗೆ ಹೊಗೆ ಆಗುವುದಿಲ್ಲ.

ಅಕ್ಕನಿಗೆ: ಹೆಸರುಕಾಳು ಸಾರು. ನಿಜಕ್ಕೆ: ಬನ್ನು.

ಜನವರಿ ೨೪, ಶುಕ್ರವಾರ

ನಕ್ಷೆಯ ಕರಡು ಕಳಿಸಿದೆ. ಮೇಡಂ ‘ತುಂಬಾ ನೀಟಾಗಿದೆ’ ಅಂದರು. ಅದರ ಒಂದು ಪ್ರತಿ ಕಚೇರಿಗೂ ಹೋಯಿತು. ನನ್ನ ನಕ್ಷೆ ಅಂಗಡಿಯ ಬೋರ್ಡಿನಲ್ಲಿ ‘ಪಾರಂಪರಿಕ ಕಟ್ಟಡ ತಜ್ಞರು’ ಅಂತ ಒಂದು ಸಾಲು ಸೇರಿಸಿದರೆ ಹೇಗೆ ಅಂತ ಯೋಚಿಸಿದೆ. ಬೋರ್ಡ್ ಬರೆಯುವವನನ್ನು ವಿಚಾರಿಸಿಯೂ ಬಂದೆ.

ಜನವರಿ ೨೬, ಭಾನುವಾರ

ಏನಿಲ್ಲ. ಬನ್ನು ಖಾಲಿಯಾಗಿತ್ತು. ರಸ್ಕು.

ಫೆಬ್ರವರಿ ೪, ಮಂಗಳವಾರ

ಬಾಗಿಲುಗಳ ಫೋಟೊ ಬಾಕಿ ಇತ್ತು, ಹೋಗಿದ್ದೆ. ರಂಗಣ್ಣ ಗೇಟಿನಲ್ಲೇ ಸುದ್ದಿ ಹೇಳಿದ. ನಕ್ಷೆಯಲ್ಲಿ ಕೆಂಪು ಇರುವುದನ್ನೆಲ್ಲ ತೆಗೆಯಲು ಕಚೇರಿಯಿಂದ ಮಾತು ಬಂದಿದೆ. ಅಡುಗೆಮನೆ ಹೋಗುತ್ತದೆ, ಪಕ್ಕದ ಕೋಣೆಯೂ. ಇನ್ನು ಮುಂದೆ ಸಾಹೇಬರುಗಳಿಗೆ ಊಟ ಹೋಟೆಲಿನಿಂದ. ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು ಅಂತ ಹಜೀರಮ್ಮನಿಗೆ ಹೇಳಿದ್ದಾರೆ.

ಅವಳು ಎಂದಿನಂತೆ ಕಿಟಕಿಯಿಂದ ಟೀ ಕೊಟ್ಟಳು. “ಯಾರೋ ಇಂಜಿನಿಯರು ಕೆಂಪು ಹಚ್ಚ್ಯಾರಂತೆ ಸಾರ್. ನಿಮಗೆ ಗೊತ್ತಾ ಅವರು?”

ಗೊತ್ತು ಅನ್ನಬೇಕಿತ್ತು. “ದೊಡ್ಡವರ ವಿಚಾರ” ಅಂದೆ.

“ಮಗಳು ಅರ್ಷಿಯಾ ಸವಳಂಗದಾಗೆ ಇದಾಳೆ. ಅವಳ ಅತ್ತಿಮನ್ಯಾಗೆ ನಾನು ಹೋಗಿ ಹೆಂಗಿರಲಿ? ನನಗೆ ಬರೋದು ಅಡಿಗಿ ಒಂದೇ. ಇಲ್ಲಿ ಒಲಿ ಆರಿದ್ರೆ ಮುಗೀತು.” ಅಳಲಿಲ್ಲ. ಬೇಳೆ ಆರಿಸುತ್ತಾ ಹೇಳಿದಳು.

ಟೀ ಕುಡಿದೆ. ಕುಡಿಯದೆ ಬರುವಷ್ಟು ಮರ್ಯಾದೆಯೂ ನನಗೆ ಇರಲಿಲ್ಲ. ನಾನು ಇಂಜಿನಿಯರಲ್ಲ, ಬರೀ ಡಿಪ್ಲೊಮಾ ಅನ್ನುವುದು ದಾರಿಯುದ್ದಕ್ಕೂ ಹೇಳಿಕೊಂಡ ಸಮಾಧಾನ. ಅಮಲ್ದಾರರ ಕಾಲದ ಅಡುಗೆಮನೆ ಅದಲ್ಲ ಅಂದಮೇಲೆ ಅಲ್ಲ, ನಾನೇನು ಮಾಡಲಿ.

ಫೆಬ್ರವರಿ ೬, ಗುರುವಾರ

ರಂಗಣ್ಣನ ಹಳದಿಯ ಕೆಳಗೆ ಹಳೆಯ ಬಣ್ಣ ಯಾವುದಿತ್ತು ನೋಡಲು ಅಲ್ಲಲ್ಲಿ ಅಂಗೈಯಗಲ ಕೆರೆಯಬೇಕು ಅಂತ ಮೇಡಂ ಹೇಳಿದ್ದಾರೆ. ಬ್ಲೇಡು ಹಿಡಿದು ಕೂತೆ. ರಂಗಣ್ಣ ಪಕ್ಕದಲ್ಲೇ ನಿಂತು ಪ್ರತಿ ಸಲ ಕೆರೆದಾಗಲೂ ತನ್ನ ಮೈ ಕೆರೆದ ಹಾಗೆ ಮುಖ ಮಾಡುತ್ತಿದ್ದ.

ಹಾಲ್‌ನ ಗೋಡೆಯಲ್ಲಿ ಹಳದಿಯ ಕೆಳಗೆ ತಿಳಿನೀಲಿ, ಅದರ ಕೆಳಗೆ ಬಿಳಿ, ಮತ್ತೆ ಕಾವಿ, ಮತ್ತೆ ಸುಣ್ಣ, ಪದರದ ಮೇಲೆ ಪದರ. ಕೊನೆಗೆ ನುಣುಪಾದ ಗಾರೆ, ಅದರೊಳಗೆ ತೆಳ್ಳನೆಯ ಚಪ್ಪಟೆ ಇಟ್ಟಿಗೆ. ಹೀಗೇ ಪೋರ್ಟಿಕೊದ ಕಂಬಕ್ಕೂ ಬಂದೆ. ಹಸಿರು, ಅದರ ಕೆಳಗೆ ಇನ್ನೊಂದು ಹಸಿರು, ಅಷ್ಟೇ. ಆಮೇಲೆ ಸಿಮೆಂಟು. ಇನ್ನೊಂದು ಕಂಬ ಕೆರೆದೆ. ಸಿಮೆಂಟು. ಒಳಗಿರುವುದು ನಾನು ದಿನಾ ಜನರ ಮನೆಗೆ ಬರೆದುಕೊಡುವಂಥ ಇಟ್ಟಿಗೆ. ಸಾರೋಟೂ ಇಲ್ಲ, ಅಮಲ್ದಾರರೂ ಇಲ್ಲ. ಜೀಪು ನಿಲ್ಲಿಸಲು ಯಾರೋ ಈಚೆಗೆ ಕಟ್ಟಿಸಿದ್ದು.

ಗತ್ತು ನೋಡಿ ಕಪ್ಪು ಹಾಕಿದ್ದೆ. ಹಾಗಾದರೆ ಶೀಟು ನೋಡಿ ಹಾಕಿದ ಕೆಂಪು? ಹಿಂದಕ್ಕೆ ಹೋಗಿ ಅಡುಗೆಮನೆಯ ಒಳಗೋಡೆ ನೋಡಿ ಬಂದಿದ್ದರೆ ಆಗಿಹೋಗುತ್ತಿತ್ತು. ಹೊತ್ತಾಗಿತ್ತು. ನಾಳೆ ನೋಡಿದರಾಯಿತು.

ಫೆಬ್ರವರಿ ೧೧, ಮಂಗಳವಾರ

ನಾಳೆ ನೋಡಿದರಾಯಿತು.

ಫೆಬ್ರವರಿ ೧೩, ಗುರುವಾರ

ಸ್ಕೂಟರ್ ಪಂಕ್ಚರ್. ಬಸ್ಸಿನಲ್ಲಿ ಹೋದೆ. ಸೂರಗೊಂಡನಕೊಪ್ಪಕ್ಕೆ ಸಂತ ಸೇವಾಲಾಲರ ಜಯಂತಿಗೆ ಹೊರಟ ಮಾಲಾಧಾರಿಗಳು ಬಂದ ಬಸ್ಸಿಗೆಲ್ಲ ತುಂಬಿಕೊಂಡಿದ್ದರು. ನಾನು ಎದುರು ದಿಕ್ಕಿಗೆ ಹೋಗುವವನು ಗೊತ್ತಿಲ್ಲದೆ ಅವರ ಬಸ್ಸು ಹತ್ತಿ, ಊರಾಚೆ ಹೋದ ಮೇಲೆ ಇಳಿದು, ನಡೆದು ವಾಪಸ್ಸು ಬಂದೆ. ಹೊನ್ನಾಳಿಗೆ ಹೋಗದೇ ಇರಲು ನಾನು ಎಷ್ಟು ಶ್ರಮ ಪಡುತ್ತೇನೆ ಅನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಕೊನೆಗೂ ಹೊನ್ನಾಳಿ ಮುಟ್ಟಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಕೈಯಲ್ಲಿ ಟೇಪು. ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಒಲೆಯ ಮೇಲೆ ಏನೋ ಕುದಿಯುವ ಸದ್ದು. ಹಾಗೇ ನಿಂತಿದ್ದೆ.

ಹಜೀರಮ್ಮ ನೋಡಿದಳು. ಇಷ್ಟು ದಿನ ಒಳಗಿಟ್ಟುಕೊಂಡಿದ್ದ ಮಾತನ್ನು ಇವತ್ತು ಹೇಳಿಬಿಟ್ಟಳು. “ಅಲ್ಲೇ ಯಾಕೆ ನಿಂತ್ರಿ ಸಾರ್? ನಮ್ಮ ಅಡುಗೆಮನಿ ಅಂತಾನಾ? ಟೀ ಮಾತ್ರ ಕಿಟಕ್ಯಾಗೆ ಇಸ್ಕೊಂತೀರಿ, ಒಳಗೆ ಕರೆದ್ರೆ ಬರಾಂಗಿಲ್ಲ. ನನಗೇನು ಗೊತ್ತಾಗಲ್ವಾ?”

ಅವಳು ಹಾಗೆ ತಿಳಿದುಕೊಂಡಿರಬಹುದು ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

“ಅದಲ್ಲಮ್ಮ. ನಮ್ಮನೆ ಅಡುಗೆಮನೆಗೂ ನಾನು ಹೋಗಲ್ಲ.”

“ಯಾಕೆ?”

“ಇಲಿ.”

“ಇಲಿಗೆ ಹೆದರೋ ಗಂಡಸ್ರನ್ನ ನಾನು ನೋಡಿಲ್ಲ” ಅಂದಳು.

ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಅಕ್ಕನಿಗೂ ಪೂರ್ತಿ ಹೇಳಿಲ್ಲ. ಹೋದ ಆಷಾಢದಲ್ಲಿ ನನ್ನ ಹೆಂಡತಿ ಪುಷ್ಪಾವತಿ ಅಡುಗೆಮನೆಯಲ್ಲೇ ಬಿದ್ದು ತೀರಿಕೊಂಡಳು. ನಮಗೆ ಮಕ್ಕಳಿಲ್ಲ, ಮನೆಯಲ್ಲಿ ಇದ್ದವರು ಇಬ್ಬರೇ. ನಾನು ಹಾಲ್‌ನಲ್ಲಿ ಕಂಪ್ಯೂಟರಿನ ಮುಂದೆ ಯಾರದೋ ಮನೆಯ ಅಡುಗೆಮನೆಗೆ ವಾಸ್ತು ಕೂರಿಸುತ್ತಿದ್ದೆ. ಕುಕ್ಕರ್ ಒಂದೇ ಸಮ ಕೂಗುತ್ತಿತ್ತು. “ಆಫ್ ಮಾಡೇ ಮಾರಾಯ್ತಿ” ಅಂತ ಕೂತಲ್ಲಿಂದಲೇ ಕೂಗಿದೆ. ಆಮೇಲೆ ಎದ್ದು ಹೋಗಿ ನೋಡಿದೆ.

ಹಜೀರಮ್ಮ ಅಯ್ಯೋ ಅನ್ನಲಿಲ್ಲ. ಒಲೆಯ ಮುಂದೆ ಒಂದು ಮಣೆ ಹಾಕಿ, “ಬರ್ರಿ, ಹಾಲು ಇಟ್ಟೀನಿ, ಉಕ್ಕದಂಗೆ ನೋಡ್ಕಳ್ರಿ. ನಾನು ನೀರು ತರ್ತೀನಿ” ಅಂದು ಕೊಡ ಎತ್ತಿಕೊಂಡು ಹೋಗಿಬಿಟ್ಟಳು. ಹಾಲು ಉಕ್ಕಿದರೆ ನಾನೇ ಹೊಣೆ. ಒಳಗೆ ಹೋಗಿ ಕೂತೆ. ಉಕ್ಕಿ ಬಂತು, ಸೆರಗಿಲ್ಲ, ಬಟ್ಟೆ ಕಾಣಲಿಲ್ಲ, ಕರ್ಚೀಫಿನಲ್ಲಿ ಹಿಡಿದು ಇಳಿಸಿದೆ. ಕೈ ಸ್ವಲ್ಪ ಸುಟ್ಟಿತು. ಅವಳು ಬರುವುದು ತಡವಾಯಿತು. ಅಷ್ಟು ಹೊತ್ತು ಅತ್ತೆ. ಹೊಗೆಯೂ ಇತ್ತು.

ಕಣ್ಣು ಒರೆಸಿಕೊಂಡು ತಲೆ ಎತ್ತಿದಾಗ ಅಡುಗೆಮನೆ ಕಂಡಿತು. ನಡುವೆ ಎದೆಯೆತ್ತರದ ಒಂದು ಅರ್ಧಗೋಡೆ. ಅದರ ಈ ಕಡೆ ಒಂದು ಒಲೆ, ಆ ಕಡೆ ಒಂದು ಒಲೆ. ಎರಡಕ್ಕೂ ಸೇರಿ ಮೇಲೆ ಒಂದೇ ಹೊಗೆಗೂಡು, ಅದರ ತಲೆ ಕತ್ತರಿಸಿ ಶೀಟು ಹೊದಿಸಿದ್ದಾರೆ. ಮಸಿಯನ್ನು ಉಗುರಿನಲ್ಲಿ ಕೆರೆದೆ. ತೆಳ್ಳನೆಯ ಚಪ್ಪಟೆ ಇಟ್ಟಿಗೆ, ಗಾರೆ. ಹಾಲ್‌ನ ಗೋಡೆಯಲ್ಲಿ ಇರುವುದೇ. ಗೂಡುಗಳಲ್ಲಿ ಅದೇ ಸಾಗುವಾನಿ ಹಲಗೆ, ಎನಾಮಲ್ ಕಾಣದ ಹಲಗೆ. ಇಡೀ ಬಂಗಲೆಯಲ್ಲಿ ಮೊದಲು ಹೇಗಿತ್ತೋ ಹಾಗೇ ಉಳಿದಿರುವುದು ಇದೊಂದೇ ಕೋಣೆ. ಅದಕ್ಕೆ ನಾನು ಹೊರಗಿನಿಂದ ಟೇಪು ಹಿಡಿದು ಕೆಂಪು ಹಾಕಿದ್ದೆ.

ಹಜೀರಮ್ಮ ಟೇಪಿನ ಒಂದು ತುದಿ ಹಿಡಿದಳು. ಮಾಂಸ ತಿನ್ನುವ ಸಾಹೇಬರಿಗೆ ಆ ಕಡೆಯ ಒಲೆ, ತಿನ್ನದವರಿಗೆ ಈ ಕಡೆಯದು. ಸುಬಾನಸಾಬ ಆ ಕಡೆಯಿಂದ ಈ ಕಡೆಗೆ ಬರುವಾಗ ಕೈಕಾಲು ತೊಳೆದು ಹೆಗಲ ಟವೆಲ್ಲನ್ನೂ ಬದಲಾಯಿಸುತ್ತಿದ್ದನಂತೆ. “ಯಾರೂ ನೋಡ್ತಿರ್ಲಿಲ್ಲ. ಆದ್ರೂ ಬದಲಾಯಿಸೋರು. ಈಗ ನಾನೂ ಹಂಗೇ ಮಾಡ್ತೀನಿ. ಈ ಒಲಿ ನಿಮ್ದು, ಕೂಡ್ರಿ” ಅಂದು ಅಕ್ಕಿರೊಟ್ಟಿ ಹಾಕಿಕೊಟ್ಟಳು. ಜೊತೆಗೆ ಹುರಳಿ ಚಟ್ನಿ. ಮೂರು ತಿಂದೆ. ಅಳತೆಗೆ ಅಲೆದಾಡಿ ಹಸಿವಾಗಿತ್ತು.

ಕೆಂಪು ಹಚ್ಚಿದವನು ನಾನೇ ಅಂತ ಇವತ್ತೂ ಹೇಳಲಿಲ್ಲ. ರೊಟ್ಟಿ ಬಾಯಲ್ಲಿತ್ತು.

ಫೆಬ್ರವರಿ ೧೪, ಶುಕ್ರವಾರ

ಹೇಳಿದೆ.

ಅವಳು ಕೊಡಲು ಹಿಡಿದಿದ್ದ ಟೀ ಲೋಟವನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡಳು. “ಹೊರಗೆ ನಿಂತು ಅಳೆದು, ಒಳಗಿರೋರನ್ನ ತೆಗೆಯಾಕೆ ಬರೆದ್ರಾ?” ಅಂದಳು. “ಅವರು ಗೊತ್ತಾ ಅಂತ ನಾನು ಕೇಳಿದಾಗ ದೊಡ್ಡವರು ಅಂದ್ರಿ. ನೀವಾ ದೊಡ್ಡವರು?”

ಕಿಟಕಿ ಹಾಕಿಕೊಂಡಳು. ಅವಳು ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ನನ್ನನ್ನು ನೋಡಿ ನಾನು ದಿನಾ ನಗುತ್ತೇನೆ, ಇವತ್ತು ನಗು ಬರಲಿಲ್ಲ. ಬಹಳ ನಾಚಿಕೆಯಾಯಿತು.

ಫೆಬ್ರವರಿ ೧೭, ಸೋಮವಾರ

ಎರಡು ದಿನ ಕೂತು ನಕ್ಷೆ ಪೂರ್ತಿ ಹೊಸದಾಗಿ ಬರೆದೆ. ಅಡುಗೆಮನೆ ಕಪ್ಪು. ಪೋರ್ಟಿಕೊ ಕೆಂಪು. ಅಡುಗೆಮನೆಯ ಒಳಭಾಗಕ್ಕೇ ಬೇರೆ ಹಾಳೆ: ಎರಡು ಒಲೆ, ಅರ್ಧಗೋಡೆ, ಹೊಗೆಗೂಡು, ಸೌಟು ನೇತುಹಾಕುವ ಗೂಟ, ಟವೆಲ್ಲು ಹಾಕುವ ಗೂಟ. ಗೂಟದವರೆಗೂ ಬರೆಯಬೇಕಾ ಅಂದರೆ, ಬೇಕು ಅನಿಸಿತು.

ಮೇಡಂಗೆ ಫೋನ್ ಮಾಡಿದೆ. ಹೊಸ ದಾಖಲೆ ಸಿಕ್ಕಿತು, ಮರುಪರಿಶೀಲನೆ ಮಾಡಿದೆ ಅಂತ ಶುರು ಮಾಡಬೇಕು ಅಂದುಕೊಂಡಿದ್ದೆ. ಬಾಯಿಂದ ಬಂದದ್ದು, “ಮೇಡಂ, ನಾನು ಅಡುಗೆಮನೆ ಒಳಗೇ ಹೋಗಿರಲಿಲ್ಲ.”

“ಒಳಗೆ ಹೋಗದೇ ಇಂಟೀರಿಯರ್ ಅಳತೆ ಕೊಟ್ರಾ ಸರ್?” ಅಂದರು. ಹೌದು ಅಂದೆ. “ಮೊದಲನೇ ನಕ್ಷೆ ತಪ್ಪು ಅಂತ ಕಚೇರಿಗೆ ಬರೀಬೇಕಾಗುತ್ತೆ. ನಿಮ್ಮ ಹೆಸರು ಬರುತ್ತೆ. ಮುಂದೆ ಬೇರೆ ಯಾರೂ ನಿಮಗೆ ಈ ಥರದ ಕೆಲಸ ಕೊಡ್ತಾರೋ ಇಲ್ವೋ.” ಬರಲಿ ಅಂದೆ. ಬೋರ್ಡ್ ಬರೆಯುವವನಿಗೆ ಬೇಡ ಅಂತ ಹೇಳಿ ಬಂದೆ. ಅವನು ಒಂದು ‘ಪಾ’ ಬರೆದು ಇಟ್ಟಿದ್ದ.

ಅಕ್ಕನಿಗೆ: ಸೊಪ್ಪಿನ ಸಾರು. “ಯಾವ ಸೊಪ್ಪು?” ಅಂದಳು. ಯಾವ ಸೊಪ್ಪು ಅಂತ ಯೋಚಿಸುವಷ್ಟರಲ್ಲಿ ಫೋನ್ ಇಟ್ಟಳು.

ಫೆಬ್ರವರಿ ೧೯, ಬುಧವಾರ

ಹೊನ್ನಾಳಿ. ಕಿಟಕಿ ಹಾಕಿತ್ತು. ನಕ್ಷೆ ಬದಲಾಯಿಸಿದ್ದೇನೆ ಅಂತ ರಂಗಣ್ಣನ ಕೈಲಿ ಹೇಳಿ ಕಳಿಸಿದೆ. ಅವನು ಹೋಗಿ ಬಂದು, “ಆತು ಅಂದ್ಲು ಸಾರ್” ಅಂದ. ಬೇರೆ ಏನಾದರೂ ಅಂದಳಾ? “ನಿಮ್ಮನ್ನ ಅಂದಿದ್ದು ನಾನು ಹೇಳಾಕೆ ಬರಲ್ಲ.”

ಫೆಬ್ರವರಿ ೨೪, ಸೋಮವಾರ

ಕಚೇರಿಯಿಂದ ಸಾಹೇಬರು, ಮೈಸೂರಿನಿಂದ ರಕ್ಷಾ ಮೇಡಂ. ಮೇಡಂ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವರು, ಸ್ಪೋರ್ಟ್ಸ್ ಶೂ ಹಾಕಿದ್ದರು. ಬೆಳ್ಳಿಯ ಆರಾಮ ಕುರ್ಚಿಯನ್ನು ನೋಡಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು.

ಸಾಹೇಬರ ಕಾರು ಪೋರ್ಟಿಕೊದ ನೆರಳಿನಲ್ಲಿ ನಿಂತಿತು. ಹೊಸ ನಕ್ಷೆ ಬಿಡಿಸಿ ನೋಡಿದರು. “ಏನ್ರಿ ಇದು? ಮೊದಲು ಅಡುಗೆಮನೆ ತೆಗೀರಿ ಅಂದ್ರಿ. ಈಗ ಪೋರ್ಟಿಕೊ ತೆಗೀಬೇಕಾ? ಕಾರು ಎಲ್ಲಿ ನಿಲ್ಲಿಸೋದು?”

“ಮೊದಲನೆಯದು ನನ್ನ ತಪ್ಪು ಸಾರ್. ನಾನು ಒಳಗೆ ಹೋಗಿ ನೋಡಿರಲಿಲ್ಲ” ಅಂದೆ. ಎರಡನೇ ಸಲ ಹೇಳುವಾಗ ಅಷ್ಟು ಕಷ್ಟವಾಗಲಿಲ್ಲ.

“ಈಗ ನೋಡಿರೋದು ಸರಿ ಅಂತ ಹೆಂಗೆ ನಂಬೋದು?”

ಬನ್ನಿ ಸಾರ್ ಅಂತ ಹಿಂದಕ್ಕೆ ಕರೆದುಕೊಂಡು ಹೋದೆ. ಅಡುಗೆಮನೆಯ ಬಾಗಿಲು ತೆರೆದಿತ್ತು. ಎರಡೂ ಒಲೆ ಉರಿಯುತ್ತಿದ್ದವು. ಹಜೀರಮ್ಮ ನನ್ನ ಕಡೆ ನೋಡದೆ ಸಾಹೇಬರಿಗೆ, “ಯಾವ ಕಡಿಗೆ ಹಾಕ್ಲಿ ಸಾಹೇಬ್ರಿಗೆ, ಆ ಕಡೀನಾ ಈ ಕಡೀನಾ?” ಅಂದಳು. ಅವರಿಗೆ ಅರ್ಥವಾಗಲಿಲ್ಲ. ಮೇಡಂ ಆಗಲೇ ಬಗ್ಗಿ ಹೊಗೆಗೂಡಿನೊಳಗೆ ತಲೆ ಹಾಕಿದ್ದರು. ಹೊರಗೆ ಬಂದಾಗ ಮೂಗಿನ ಮೇಲೆ ಮಸಿ. ಇಂಥ ಅಡುಗೆಮನೆ ನಾನು ಎಲ್ಲೂ ನೋಡಿಲ್ಲ ಅಂದರು. ಸಾಹೇಬರು ಅರ್ಧಗೋಡೆಯ ಆ ಕಡೆ ಕೂತು ಕೋಳಿಸಾರು ಉಂಡರು. ಅವರ ಜೊತೆ ಬಂದ ಗುಮಾಸ್ತರು ಈ ಕಡೆ ಕೂತು ಬೇಳೆಸಾರು ಉಂಡರು. ಉಂಡ ಮೇಲೆ ತೀರ್ಮಾನ ಸಲೀಸಾಯಿತು.

ಅಡುಗೆಮನೆಯನ್ನು ಯಾರೂ ಮುಟ್ಟುವಂತಿಲ್ಲ. ಶೀಟು ತೆಗೆದು ಹೆಂಚು ಹೊದಿಸಿ ಹೊಗೆಗೂಡನ್ನು ಮೊದಲಿನಷ್ಟು ಎತ್ತರಕ್ಕೆ ಏರಿಸಬೇಕು. ಒಲೆ ಉರಿಯುತ್ತಿರಬೇಕು, ಅಡುಗೆ ಮಾಡುವವರು ಇರಬೇಕು, ಪಕ್ಕದ ಕೋಣೆಯೂ ಇರಲಿ ಅಂತ ಮೇಡಂ ಬರೆಸಿದರು. ಪೋರ್ಟಿಕೊ ಈಚಿನದೇ ಆದರೂ ಉಪಯುಕ್ತ ಅಂತ ಸಾಹೇಬರು ಬರೆಸಿದರು. ಕಾರಿಗೆ ನೆರಳು ಬೇಕು ಅಂದಾಗ ಇತಿಹಾಸವೂ ಸ್ವಲ್ಪ ಸರಿದು ಜಾಗ ಕೊಡುತ್ತದೆ.

ಎಲ್ಲರೂ ಹೋದ ಮೇಲೆ ಹಜೀರಮ್ಮ ಮೊದಲ ಸಲ ನನ್ನ ಕಡೆ ತಿರುಗಿದಳು. “ಹಂಗಾರೆ ಗೋಡಿಗೆ ಟೈಲ್ಸ್ ಹಾಕಿಸ್ತಾರಾ?”

ಇಲ್ಲ, ಇದು ಪಾರಂಪರಿಕ, ಟೈಲ್ಸ್ ಹಾಕುವ ಹಾಗಿಲ್ಲ ಅಂದೆ.

“ಗ್ಯಾಸು?”

ಇಲ್ಲ.

“ಅಲ್ಲಾ ಸಾರ್, ನನ್ನ ಉಳಿಸಿದ್ರೋ, ಈ ಹೊಗಿಯಾಗೆ ಕೂಡ್ಸಿದ್ರೋ?” ಅಂದಳು. ಆದರೆ ತಟ್ಟೆ ಹಾಕಿದಳು, ಈ ಕಡೆಯ ಒಲೆಯ ಮುಂದೆ.

ಫೆಬ್ರವರಿ ೨೮, ಶುಕ್ರವಾರ

ಬಂಗಲೆಯಲ್ಲಿ ನನ್ನ ಕೆಲಸ ಮುಗಿಯಿತು. ಈ ವಾರ ದಿನಾ ಏನಾದರೊಂದು ಅಳತೆ ಮರೆತು ಹೋಗುತ್ತಿತ್ತು, ಅದಕ್ಕಾಗಿ ಮಧ್ಯಾಹ್ನದ ಹೊತ್ತಿಗೆ ಹೊನ್ನಾಳಿಗೆ ಹೋಗಬೇಕಾಗುತ್ತಿತ್ತು. ರಂಗಣ್ಣನಿಗೆ ಬಾಗಿಲು, ಕುರ್ಚಿಗಳ ಬಣ್ಣ ಕೆರೆಯುವ ಶಿಕ್ಷೆಯಾಗಿದೆ. ಆರಾಮ ಕುರ್ಚಿಯಿಂದ ಶುರು ಮಾಡಿದ್ದಾನೆ.

ಹಜೀರಮ್ಮ ಕೇಳಿದಳು, “ನಾಡಿದ್ದಿಂದ ರಂಜಾನ್ ರೋಜಾ ಐತೆ ಅಣ್ಣಾ. ಹಗಲೊತ್ತು ಒಲಿ ಹಚ್ಚಾಂಗಿಲ್ಲ, ಸಾಹೇಬ್ರು ಯಾರಾರ ಬಂದ್ರೆ ಮಾತ್ರ. ನೀವೇನು ಉಣ್ತೀರಿ?” ಅಣ್ಣಾ ಅಂದಳು. ನಾನು ಕಿವಿಗೆ ಹಾಕಿಕೊಳ್ಳದವನ ಹಾಗೆ ಟೇಪು ಸುತ್ತುತ್ತಿದ್ದೆ.

ಬೇಕರಿ ಇದೆ ಅಂದೆ.

“ಅನ್ನ ಇಡಾಕೆ ಬರಲ್ವಾ? ಅಕ್ಕಿ ಮೇಲೆ ಬೆರಳು ಇಡ್ರಿ, ಒಂದು ಗೆಣ್ಣು ನೀರು ಮೇಲೆ ಬರ್ಬೇಕು. ಅಷ್ಟೇ. ಕುಕ್ಕರ್ ಬ್ಯಾಡ, ಪಾತ್ರ್ಯಾಗೆ ಇಡ್ರಿ. ಮುಂದೆ ಕೂತ್ಕಳ್ರಿ.”

ಬೆಲ್ಟ್ ಯಾಕೋ ಬಿಗಿಯುತ್ತಿದೆ. ಒಗೆದಾಗ ಚರ್ಮ ಕುಗ್ಗಿರಬೇಕು. ಹಳೆಯ ತೂತಿಗೇ ಹಾಕಿಕೊಂಡೆ.

ಮಾರ್ಚ್ ೨, ಭಾನುವಾರ

ಬೇಕರಿ ತೆರೆದೇ ಇತ್ತು, ನಾನೇ ಹೋಗಲಿಲ್ಲ. ಬೆಳಿಗ್ಗೆ ಅಡುಗೆಮನೆಯ ಚಿಲಕ ತೆಗೆದೆ. ಇಲಿ ಇರಲಿಲ್ಲ. ಯಾವತ್ತೂ ಇರಲಿಲ್ಲ ಅನಿಸುತ್ತದೆ.

ಅಭ್ಯಾಸಬಲ, ಕೈಯಲ್ಲಿ ಟೇಪು ಇತ್ತು. ಮೊದಲು ಅಳೆದೆ. ಈ ಮನೆಯ ನಕ್ಷೆ ಬರೆದವನೂ ನಾನೇ, ಆದರೆ ಬರೆದ ಅಳತೆಗೂ ಕಟ್ಟಿದ್ದಕ್ಕೂ ಹೊಂದುವುದಿಲ್ಲ. ಹಾಳೆ ತೆಗೆದು ಎಲ್ಲವನ್ನೂ ಇದ್ದ ಹಾಗೆ ಬರೆದೆ. ಸಾಂಬಾರ ಡಬ್ಬಿ, ಪುಷ್ಪ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ ರಬ್ಬರ್ ಬ್ಯಾಂಡುಗಳು, ಕಿಟಕಿಯಲ್ಲಿ ಬಿಸಿಲು ಬೀಳುವ ಜಾಗದಲ್ಲಿಟ್ಟ ಉಪ್ಪಿನಕಾಯಿ ಜಾಡಿ. ಕುಕ್ಕರ್ ಒಲೆಯ ಮೇಲೆಯೇ ಇತ್ತು. ಅದನ್ನೂ ಬರೆದೆ, ಆಮೇಲೆ ಇಳಿಸಿ ತೊಳೆದೆ. ಕೆಂಪು ಪೆನ್ನು ಹತ್ತಿರದಲ್ಲೇ ಇತ್ತು, ಎಲ್ಲಿಗೂ ಬೇಕಾಗಲಿಲ್ಲ.

ಅಕ್ಕಿ ಇಟ್ಟೆ, ಬೆರಳು ಇಟ್ಟೆ, ಗೆಣ್ಣಿನವರೆಗೆ ನೀರು ಹಾಕಿದೆ. ಮುಂದೆಯೇ ಕೂತಿದ್ದೆ. ಆದರೂ ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚುವುದರಲ್ಲಿ ತಳ ಹತ್ತಿತು.

ಸಂಜೆ ಅಕ್ಕನ ಫೋನ್. “ಊಟ ಆತಾ?”

“ಆಯ್ತಕ್ಕ. ಅನ್ನ ಮಾಡಿದ್ದೆ, ತಳ ಹತ್ತಿತು. ಸಾರು ಇಲ್ಲ. ಪುಷ್ಪ ಹಾಕಿದ್ದ ಉಪ್ಪಿನಕಾಯಿ ಇತ್ತು.”

ಅಕ್ಕ ಮೂಗು ಒರೆಸಿಕೊಂಡ ಸದ್ದು ಕೇಳಿತು. ಇಷ್ಟು ದಿನ ಮಾಡದ ಸಾರುಗಳ ಹೆಸರು ಕೇಳಿ ಕೇಳಿ ಹೇಳಿಸಿಕೊಂಡವಳು ಇವತ್ತು ಏನೂ ಕೇಳಲಿಲ್ಲ. “ತಳ ಹತ್ತಿದ ಪಾತ್ರಿಗೆ ನೀರು ಹಾಕಿಡು ತಮ್ಮಾ, ಬೆಳಿಗ್ಗೆ ಬಿಡ್ತೈತೆ” ಅಂದಳು.

ಹಾಕಿಟ್ಟೆ. ಅದರ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.